ಗೆದ್ದಲಿನ ಪಾಲು

ಉಮರ್ಗಾ ಸ್ಟ್ಯಾಂಡಿನಲ್ಲಿ ನಿಲಂಗಾದ ಬಸ್ಸು ಹತ್ತುವಾಗ ಚೀಲದೊಳಗಿನ ಬಾಚಿ ಬಕ್ಕಪ್ಪನ ಮೊಣಕಾಲಿಗೆ ಬಡಿಯಿತು. ಕಂಬಳಿಯ ತುಂಡಿನಲ್ಲಿ ಮೂರು ಸುತ್ತು ಸುತ್ತಿ ತಂದಿದ್ದರೂ ಅದರ ಮೂತಿ ಹೇಗೋ ದಾರಿ ಮಾಡಿಕೊಂಡು ಇಣುಕುತ್ತಿತ್ತು. ಯಾಕೆ ತಂದೆ ಎಂದು ತನ್ನನ್ನೇ ಕೇಳಿಕೊಂಡ, ಉತ್ತರ ಗೊತ್ತಿದ್ದವರು ಕೇಳಿಕೊಳ್ಳುವ ಹಾಗೆ. ಬೆಳಿಗ್ಗೆ ಮನೆಯಿಂದ ಹೊರಡುವಾಗ ಹೆಂಡತಿ ಗುಂಡಮ್ಮ ಚೀಲ ಎತ್ತಿ ಭಾರ ನೋಡಿ, "ಗೊಂಬಿ ತರ್ಲಾಕ ಹೊಂಟೀರೋ, ಯಾರದರ ಮಂಚ ಕಡೀಲಾಕ ಹೊಂಟೀರೋ?" ಎಂದಿದ್ದಳು. ಅವನು ಚೀಲ ಇಸಿದುಕೊಂಡು ಹೊರಟಿದ್ದ. ಹದಿನೈದು ದಿನದ ಹಿಂದೆ ತಮ್ಮನ ಮಗಳು ಶೀತಲ ಫೋನಿನಲ್ಲಿ ಒಂದು ಫೋಟೋ ತೋರಿಸಿದಾಗಿನಿಂದ ಅವನ ಅಂಗೈಗೆ ಬಾಚಿಯ ಹಿಡಿ ಬೇಕುಬೇಕೆನಿಸುತ್ತಿತ್ತು. ಉದಗೀರದ ಕಾಲೇಜಿನ ಗಾಜಿನ ಕಪಾಟಿನಲ್ಲಿ ಸಿದ್ಧಾರೂಢ ನಿಂತಿದ್ದ. ಹೊಳೆಯುತ್ತಿದ್ದ. ಮದುವೆಯ ಮುಂಚಿನ ದಿನ ಎಣ್ಣೆ ಹಚ್ಚಿ ಕೂರಿಸಿದ ಮದುಮಗನ ಹಾಗೆ.

ಬಕ್ಕಪ್ಪನ ಕುಲದಲ್ಲಿ ಕುರಿಯ ಹಿಂದೆ ಹೋಗಿ ದಾರಿಯಲ್ಲಿ ಸತ್ತವನಿಗೆ ಗೋರಿ ಸಾಲದು. ದಾರಿಯಲ್ಲಿ ಸತ್ತವನು ದಾರಿಯಲ್ಲೇ ನಿಂತಿರುತ್ತಾನೆ. ಅವನನ್ನು ಮನೆಗೆ ಕರೆತರಲು ಒಡಹುಟ್ಟಿದವನೇ ಅತ್ತಿಯ ಕಟ್ಟಿಗೆಯಲ್ಲಿ ಒಂದು ಮೊಳದ ಗೊಂಬೆ ಕಡೆಯಬೇಕು. ಅದಕ್ಕೆ ಈರ ಎನ್ನುತ್ತಾರೆ. ಬಣ್ಣ ಕೂಡದು, ಎಣ್ಣೆ ಕೂಡದು, ಭಂಡಾರದ ಅರಿಶಿನ ಮತ್ತು ಕುರಿಯ ಹಾಲು ಮಾತ್ರ. ಕಣ್ಣು ಕಟ್ಟಕಡೆಗೆ. ಕಣ್ಣು ತೆರೆದ ಮೇಲೆ ಅದಕ್ಕೆ ಕಬ್ಬಿಣ ಮುಟ್ಟಿಸುವಂತಿಲ್ಲ. ವರ್ಷಕ್ಕೊಮ್ಮೆ, ಮುಂಗಾರು ಶುರುವಾಗುವ ಮಿರಗದ ಮಳೆಯ ಹೊತ್ತಿಗೆ ಕುರಿಗಳು ಊರಿಗೆ ಮರಳಿದಾಗ, ಬೀರಪ್ಪನ ಗುಡಿಯ ಮುಂದೆ ಡೊಳ್ಳಿನ ನಡುವೆ ಅದನ್ನು ಎದೆಗೆ ಕಟ್ಟಿಕೊಂಡು ಕುಣಿಯಬೇಕು. ಅಷ್ಟು ಹೊತ್ತು ಕುಣಿಯುವವನು ಸತ್ತವನೇ. ಹೀಗೆ ಏಳು ವರ್ಷ. ಏಳನೆಯ ಕುಣಿತ ಮುಗಿದ ಮೇಲೆ ಹಟ್ಟಿಯ ಬಾಯಲ್ಲಿ ಮುಖ ಕೆಳಗೆ ಮಾಡಿ ಮಲಗಿಸಿ, ಮೇಲೆ ಕುರಿ ಹಾಯಿಸಿ, ಮಣ್ಣಿಗೆ ಬಿಟ್ಟುಬಿಡಬೇಕು. ಮಳೆ, ಹಿಕ್ಕೆ, ಗೆದ್ದಲು. ಗೆದ್ದಲು ಕೊನೆಯ ಚೂರು ತಿಂದ ದಿನ ಅವನ ದಾರಿ ಮುಗಿಯಿತು. ಆ ದಿನ ಯಾವುದೆಂದು ಯಾರೂ ನೋಡಿದವರಿಲ್ಲ; ಒಮ್ಮೆ ಹೋಗಿ ನೋಡಿದರೆ ಇರುವುದಿಲ್ಲ, ಅಷ್ಟೇ. ಸತ್ತ ತಮ್ಮ ಸಿದ್ಧಾರೂಢನದು ಆರು ಕುಣಿತವಾಗಿತ್ತು. ಬರುವ ಐತವಾರ ಏಳನೆಯದು. ಇವತ್ತು ಬುಧವಾರ.

"ಸುತಾರ ಕಾ?" ಎಂದ ಪಕ್ಕದಲ್ಲಿ ಕೂತವನು, ಬಾಚಿಯ ಮೂತಿ ನೋಡಿ. ಬಡಗಿಯೇನು ಎಂದು. ಬಕ್ಕಪ್ಪ "ನಾಹೀ" ಎಂದು ಚೀಲವನ್ನು ಕಾಲ ಸಂದಿಗೆ ತಳ್ಳಿದ. ಹೊರಗೆ ಬಿತ್ತನೆಗೆ ಹಸನಾದ ಕರಿಯ ಹೊಲಗಳು ಹಿಂದೆ ಸರಿಯುತ್ತಿದ್ದವು. ಬಡಗಿಯಲ್ಲ ಎಂದರೆ ಮತ್ತೇನು ಎಂದು ಕೇಳಿದ್ದರೆ ಹೇಳಲು ಅವನ ಹತ್ತಿರ ಶಬ್ದವಿರಲಿಲ್ಲ. ಉದಗೀರದಲ್ಲಿ ಕೊಟ್ಟಿದ್ದರು ಒಂದನ್ನು. ಹೋದ ಸಂಕ್ರಾಂತಿಯ ಆಚೀಚೆ ಕಾಲೇಜಿನಲ್ಲಿ ಲೋಕಕಲೆಯ ಮೇಳವಿದೆ ಎಂದು ಜೀಪು ಕಳಿಸಿ ಕರೆಸಿ, ಅವನ ಅಂಗಿಗೆ ಒಂದು ಚೀಟಿ ಚುಚ್ಚಿದ್ದರು, 'ಬಾಹುಲೀ ಕಾರಾಗೀರ' ಎಂದು. ಗೊಂಬೆ ಮಾಡುವವನು. ಜಾತ್ರೆಯಲ್ಲಿ ಪುಗ್ಗೆ ಮಾರುವವನ ಸಾಲಿಗೆ ಸೇರಿಸಿದ ಹಾಗೆ ಅನ್ನಿಸಿತ್ತು. ಆದರೂ ಅವನು ಆ ಚೀಟಿಯನ್ನು ಕಿತ್ತಿರಲಿಲ್ಲ. ಮನೆಗೆ ಬಂದ ಮೇಲೂ ಎರಡು ದಿನ ಅಂಗಿಯ ಮೇಲೇ ಇತ್ತು. ಮೇಳದಲ್ಲಿ ಹುಡುಗಿಯೊಬ್ಬಳು ಬಂದು, ಕಾಕಾ ನಿಮಗೆ ಮೂರು ನಿಮಿಷ ಎಂದಳು. ಈರನನ್ನು ಎದೆಗೆ ಕಟ್ಟಿಕೊಂಡು, ಕಾಲವಲ್ಲದ ಕಾಲದಲ್ಲಿ, ಗುಡಿಯಿಲ್ಲದ ಹಲಗೆಯ ಮೇಲೆ ಅವನು ಕುಣಿದ. ಎಡ ಹಿಮ್ಮಡಿಯ ಮೇಲೆ ಸಿದ್ಧಾರೂಢ ತಿರುಗುತ್ತಿದ್ದ ಆ ಒಂದು ಸುತ್ತು, ಬುಗುರಿ ಬೀಳುವ ಮುಂಚೆ ಒಂದು ಕ್ಷಣ ನಿಂತ ಹಾಗೆ ಕಾಣುವ ಸುತ್ತು, ಅದನ್ನು ಅಲ್ಲಿಯೂ ತಿರುಗಿದ. ಚಪ್ಪಾಳೆ ಬಿತ್ತು. ಹಾಯೆನಿಸಿತು. ಆ ಹಾಯೆನಿಸಿದ್ದನ್ನು ನೆನೆದು ಈಗ ಬಸ್ಸಿನಲ್ಲಿ ಅವನ ಕಿವಿ ಬಿಸಿಯಾದವು.

ನಿಲಂಗಾದಲ್ಲಿ ಇಳಿದು ಉದಗೀರದ ಬಸ್ಸಿಗೆ ಕಾಯುತ್ತ ಚಹಾ ಕುಡಿದ. ಕಟ್ಟೆಯ ಮೇಲಿದ್ದ ಮುದುಕಿಯೊಬ್ಬಳು ಎಲ್ಲಿಗೆಂದು ಕೇಳಿದಳು. ಹೇಳಬಾರದೆಂದುಕೊಂಡರೂ ಬಾಯಿಗೆ ಅದೇ ಬಂತು: "ಕಾಲೇಜಿನವ್ರು ಎಂಟು ದಿನಕ್ಕಂತ ನಮ್ಮ ದೇವ್ರಿಗೆ ಒಯ್ದು ಆರು ತಿಂಗಳಾತು, ಹೊಳ್ಳಿ ಕೊಡವಲ್ಲರು." "ಮೋಸಗಾರರು, ಓದಿದವ್ರೇ ಹಂಗ" ಎಂದಳು ಮುದುಕಿ. ಮನೆಯಲ್ಲೂ ಊರಲ್ಲೂ ಎಲ್ಲರೂ ಹಾಗೇ ಎಂದಿದ್ದರು. ಆರು ತಿಂಗಳಿಂದ ಅವನು ಈ ಮಾತನ್ನು ಎಷ್ಟು ಸಲ ಹೇಳಿದ್ದನೆಂದರೆ, ಅದನ್ನು ಹೇಳುವಾಗ ಮುಖದ ಮೇಲೆ ತಾನಾಗಿ ಒಂದು ನೊಂದ ಕಳೆ ಬಂದು ಕೂರುತ್ತಿತ್ತು. ಮುದುಕಿಯ ಕನ್ನಡಕದ ಗಾಜಿನಲ್ಲಿ ತನ್ನ ಆ ಮುಖವನ್ನು ನೋಡಿ ಅವನು ಚಹಾ ಅರ್ಧಕ್ಕೆ ಬಿಟ್ಟ. ತಮ್ಮ ಸತ್ತ ದಿನ ಬೆಳಿಗ್ಗೆ ಹೆದ್ದಾರಿಯ ಧಾಬಾದಲ್ಲಿ ಕುಡಿದ ಚಹಾದ ಹಾಗೇ ಇತ್ತು ಅದು, ಸಕ್ಕರೆ ಜಾಸ್ತಿ. ಯೆಣೆಗೂರೆಂಬ ಊರು ಇನ್ನೆರಡು ಮೈಲಿ ಇರುವಾಗ ಕುರಿಗಳನ್ನು ಹೆದ್ದಾರಿ ದಾಟಿಸಬೇಕಿತ್ತು, ಏಳು ವರ್ಷದ ಹಿಂದೆ. ಏಳು ತಿಂಗಳು ಊರು ಬಿಟ್ಟು ಮೇಯಿಸಿ ಮನೆಗೆ ಬರುತ್ತಿದ್ದರು. ದಾಟಿಸುವಾಗ ಮುಂದೊಬ್ಬ, ಹಿಂದೊಬ್ಬ. ಹಿಂದಿನವನು ಕೆಂಪು ಬಟ್ಟೆ ಎತ್ತಿ ಹಿಡಿದು ರಸ್ತೆಯ ನಡುವೆ ನಿಂತು ಲಾರಿಗಳನ್ನು ತಡೆಯಬೇಕು. ಮುಂದಿನವನು ಸಿದ್ಧಾರೂಢ, ಹಿಂದಿನವನು ಬಕ್ಕಪ್ಪ. ಅಂದು ಬೆಳಿಗ್ಗೆ ಧಾಬಾದಲ್ಲಿ ಊರ ಕಡೆಯವರು ಯಾರೋ ಸಿದ್ಧಾರೂಢನನ್ನು ನೋಡಿ, "ಈ ಸಲ ಗುಡಿ ಮುಂದ ನೀನೇ ಕುಣೀಬೇಕಪ್ಪ, ನಿಮ್ಮಣ್ಣ ಕುಣದ್ರ ಎತ್ತು ಕೆಸರಾಗ ಸಿಕ್ಕಂಗ ಕಾಣ್ತದ" ಎಂದು ನಕ್ಕಿದ್ದರು. ಸಿದ್ಧಾರೂಢನೂ ನಕ್ಕಿದ್ದ. ಆಮೇಲೆ ಅಣ್ಣನ ಮುಖ ನೋಡಿ ನಗು ನಿಲ್ಲಿಸಿದ್ದ. ಆ ನಿಲ್ಲಿಸಿದ್ದೇ ಹೆಚ್ಚು ಚುಚ್ಚಿತ್ತು. ಬಕ್ಕಪ್ಪ ಬೇಕೆಂದೇ ಹಿಂದೆ ಉಳಿದ. ಕಾಲು ಎಳೆದುಕೊಂಡು ನಡೆದ. ಮೂವತ್ತು ಹೆಜ್ಜೆ. ಎಣಿಸಿದವರಿಲ್ಲ, ಆದರೆ ಅವನಿಗೆ ಗೊತ್ತು. ಲಾರಿ ಸಿದ್ಧಾರೂಢನ ಮೇಲೆ ಹಾಯ್ದಾಗ ಕೆಂಪು ಬಟ್ಟೆ ಅವನ ಹೆಗಲ ಮೇಲೆ ಮಡಚಿಕೊಂಡೇ ಇತ್ತು.

ಕಾಲೇಜಿನ ಬಾಗಿಲಲ್ಲಿ ಸಿಪಾಯಿ ಭೀಮಶಾ ಕೂತಿದ್ದ. ಗುರುತು ಹಿಡಿದ. "ಮತ್ತ ಬಂದ್ರಿ ಕಾಕಾ? ಈ ಸಲಾನೂ ಕುಣೀಲಾಕ ಕರ್ದಾರೇನು?"

"ಇಲ್ಲ. ತಮ್ಮಗ ಕರ್ಕೊಂಡು ಹೋಗ್ಲಾಕ ಬಂದೀನಿ."

"ತಮ್ಮ ಇಲ್ಲಿ ಕಲೀತಾನೇನ್ರಿ? ಯಾವ ಕ್ಲಾಸು?"

"ಕಲಿಯಾದಿಲ್ಲ. ನಿಂತಾನ. ಗಾಜಿನ್ಯಾಗ."

ಭೀಮಶಾನ ನಗು ಅರ್ಧಕ್ಕೆ ನಿಂತಿತು. "ಚಪ್ಪಲಿ ಬಿಟ್ಟು ಹೋಗ್ರಿ. ಹೊಸ ಫರ್ಶಿ ಹಾಕ್ಯಾರ, ಮಂದಿಗಿಂತ ಅದರ ಕಾಳಜಿ ಜಾಸ್ತಿ" ಎಂದು ಕೆಳದನಿಯಲ್ಲಿ ಹೇಳಿದ.

ಸಂಗ್ರಹದ ಕೋಣೆ ತಣ್ಣಗಿತ್ತು. ಲಮಾಣಿಯರ ಕನ್ನಡಿ ಲಂಗ, ಸಂಬಳವೆಂಬ ಜೋಡಿ ವಾದ್ಯ, ಹಳೆಯ ಬೀಸುಕಲ್ಲು, ಅವುಗಳಾಚೆ ನಲವತ್ತೊಂದನೆಯ ನಂಬರಿನ ಕೆಳಗೆ ಸಿದ್ಧಾರೂಢ. ಮೇಲಿನಿಂದ ಒಂದು ಸಣ್ಣ ದೀಪ ಅವನ ಹಣೆಯ ಮೇಲೆ ಬೀಳುತ್ತಿತ್ತು. ಬಕ್ಕಪ್ಪ ಮೊದಲು ನೋಡಿದ್ದು ಎಡಗೆನ್ನೆ. ಚಿಕ್ಕಂದಿನಲ್ಲಿ ಟಗರು ಕೊಂಬಿನಿಂದ ಇರಿದು ಸಿದ್ಧಾರೂಢನ ಎಡಗೆನ್ನೆಯಲ್ಲಿ ಒಂದು ಗಾಯದ ಗೆರೆಯಿತ್ತು. ಈರನನ್ನು ಕಡೆಯುವಾಗ ಬಾಚಿಯ ಒಂದೇ ಏಟಿನಿಂದ ಆ ಗೆರೆ ತೆಗೆದಿದ್ದ; ಅದು ಕೂಡಿ ಬಂದ ಮೇಲೆ ಅರ್ಧ ದಿನ ಬಾಚಿ ಹಿಡಿದಿರಲಿಲ್ಲ. ಈಗ ಕೆನ್ನೆ ನುಣ್ಣಗಿತ್ತು. ಗೆರೆಯೊಳಗೆ ಏನೋ ಮೆತ್ತಿ, ಉಜ್ಜಿ, ಮೇಲೆ ಪಾಲಿಶ್ ಹೊಡೆದಿದ್ದರು. ಗಾಯವಿಲ್ಲದ, ಟಗರು ಕಾಣದ, ಯಾರದೂ ಅಲ್ಲದ ಕೆನ್ನೆ.

"ಬಘಾ ಕಾಕಾ, ಕಸಾ ಚಮಕತೋಯ್" ಎಂದು ಹಿಂದಿನಿಂದ ಯಾರೋ ಅಂದರು. ಕೋಣೆಯನ್ನು ನೋಡಿಕೊಳ್ಳುವ ಋಷಿಕೇಶ. ಇಪ್ಪತ್ತಾರರ ಆಚೀಚೆ, ಇಸ್ತ್ರಿ ಅಂಗಿ. ಹೇಗೆ ಹೊಳೆಯುತ್ತಾನೆ ನೋಡಿ ಎಂದು ನಿಜವಾದ ಸಂತೋಷದಿಂದಲೇ ಹೇಳಿದ. ಬಿರುಕು ಬಿಟ್ಟಿತ್ತು, ತಾನೇ ತುಂಬಿದೆ ಎಂದ. ಬುಡದಲ್ಲಿ ಸೂಜಿಯಷ್ಟು ತೂತು ಕೊರೆದು ಔಷಧ ಹಾಕಿದೆ, ಇನ್ನು ನೂರು ವರ್ಷ ವಾಳವಿ ಹತ್ತಿರ ಸುಳಿಯುವುದಿಲ್ಲ ಎಂದ. ವಾಳವಿ ಎಂದರೆ ಗೆದ್ದಲು. ಬಕ್ಕಪ್ಪ ಅವನ ಬೆರಳುಗಳನ್ನೇ ನೋಡುತ್ತಿದ್ದ. ಸ್ವಚ್ಛವಾದ, ಕೆಲಸ ಬಲ್ಲ ಬೆರಳು. ಈ ಹುಡುಗ ಸಿದ್ಧಾರೂಢನ ಮೇಲೆ ಎಷ್ಟು ದಿನ ಕೂತು ಮನಸಿಟ್ಟು ಉಜ್ಜಿರಬೇಕು. ಬೈಯುವುದಕ್ಕೆ ಬಾಯಿ ಬರಲಿಲ್ಲ.

"ಔಷಧ ಎಷ್ಟು ಒಳಗ ಹೋಗ್ಯಾದ?" ಎಂದು ಮಾತ್ರ ಕೇಳಿದ.

"ಅರ್ಧಾ ಇಂಚ. ಜಾಸ್ತ ನಾಹೀ."

ಮೀನಲ ಮ್ಯಾಡಮ್ ಕ್ಲಾಸು ಮುಗಿಸಿ ಬಂದರು. ಸಂಗ್ರಹ ಕಟ್ಟಿದವರು ಅವರೇ. ಅಜ್ಜಿ ಭಾಲ್ಕಿಯವಳಾದ್ದರಿಂದ ಅವರಿಗೆ ಕನ್ನಡ ಬರುತ್ತಿತ್ತು. ಕುರ್ಚಿ ಎಳೆದು ಕೂರಿಸಿದರು, ನೀರು ಕೊಡಿಸಿದರು. ಬಂದ ಕಾರಣ ಕೇಳಿ ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು.

"ಅದನ್ನ ಗೆದ್ದಲಿಗಿ ತಿನ್ನಲಾಕ ಬಿಡ್ತೀರಿ ಬಕ್ಕಪ್ಪಾ? ಇಷ್ಟು ಛಂದದ್ದು? ನಿಮ್ಮಂಗ ಕಡಿಯವ್ರು ನಿಮ್ಮ ಕುಲದಾಗ ಇನ್ನೊಬ್ರು ಇಲ್ಲ. ಇದು ಇಲ್ಲಿರ್ಲಿ. ನೀವು ಇನ್ನೊಂದ ಕಡೀರಿ, ಹುಬೇಹೂಬ ಇದರಂಗ. ಅದಕ್ಕ ಕುಣೀರಿ, ಅದಕ್ಕ ಮಣ್ಣಿಗೆ ಬಿಡ್ರಿ."

"ನಿಮಗ ತಮ್ಮ ಅದಾನೇನ್ರಿ?"

"ಅದಾನ. ಲಾತೂರಾಗ."

"ಅಂವಾ ಅಲ್ಲೇ ಇರ್ಲಿ, ಇನ್ನೊಬ್ಬಂಗ ಕಡಸ್ಕೋರಿ ಅಂದ್ರ ಕಡಸ್ಕೋತೀರೇನು?"

ಮ್ಯಾಡಮ್ ನಕ್ಕರು, ನೋವಾದರೂ ನಕ್ಕರು. ಅವನನ್ನು ಒಲಿಸಬೇಕೆಂದೋ, ಅಥವಾ ತಮಗೇ ಆ ವಿಷಯದ ಮೇಲೆ ಪ್ರೀತಿಯಿದ್ದುದಕ್ಕೋ, ಮೇಜಿನ ಮೇಲಿನ ಕಂಪ್ಯೂಟರನ್ನು ಅವನತ್ತ ತಿರುಗಿಸಿದರು. "ನೋಡ್ರಿ. ಅಮೇರಿಕಾದ ಬರಗಾಡಿನ್ಯಾಗ ಪ್ವೆಬ್ಲೊ ಅಂತ ಮಂದಿ ಅದಾರ. ಮಣ್ಣಿನ ಮನಿ, ಮಾಳಗಿ ಮ್ಯಾಲ ಮಾಳಗಿ, ನಮ್ಮ ಕಡಿ ಇದ್ದಂಗ. ಜ್ವಾಳದ ಬದ್ಲಿ ಮೆಕ್ಕಿಜ್ವಾಳ. ಮಳಿ ತರೂ ದೇವ್ರು ಅವ್ರಿಗೆ ಬಾಳ. ಗಂಡಸ್ರು ಆ ದೇವ್ರ ಮುಖ ಹಾಕ್ಕೊಂಡು ಸಾಲಾಗಿ ಕುಣೀತಾರ. ಕುಣಿಯಾಗ ಅಂವಾ ಮನಷ್ಯಾ ಅಲ್ಲ, ದೇವ್ರೇ. ಮತ್ತ ಅದೇ ದೇವ್ರ ಗೊಂಬಿ ಕಡ್ದು ಹೆಣ್ಣು ಹುಡುಗ್ರ ಕೈಯಾಗ ಕೊಡ್ತಾರ, ಗುರ್ತ ಇರ್ಲಿ ಅಂತ."

ಬಕ್ಕಪ್ಪ ಮುಂದೆ ಬಾಗಿದ. ನೀಲಿ ಮುಖದ್ದು, ತಲೆಗೆ ಗರಿ ಕಟ್ಟಿದ್ದು, ಕೈ ಹೊಟ್ಟೆಗೆ ಒತ್ತಿಕೊಂಡು ನಿಂತದ್ದು, ಒಂದು ಕಾಲು ಎತ್ತಿದ್ದು. ಹಳತಾದವುಗಳಿಗೆ ಕೈಕಾಲಿನ ಗೋಜು ಹೆಚ್ಚಿರಲಿಲ್ಲ, ಅವನಿಗೆ ಅವೇ ಹಿಡಿಸಿದವು. ಒಂದರ ಭುಜ ನೋಡಿದೊಡನೆ ಇದು ಬೇರಿನ ಕಟ್ಟಿಗೆ, ಹಗುರ, ಎಳೆ ಓರೆಯಾಗಿ ಹೋಗಿದೆ, ಕಡೆದವನು ಎಳೆಯನ್ನು ಕೇಳಿ ಕಡೆದಿದ್ದಾನೆ ಎಂದು ಅವನ ಅಂಗೈಗೆ ತಿಳಿಯಿತು. ಸಿದ್ಧಾರೂಢನನ್ನು ಕಡೆದು ಉಳಿದ ತುಂಡಿನಲ್ಲಿ ಅವನೂ ಶೀತಲಳಿಗೆ ಒಂದು ಗೇಣಿನ ಗೊಂಬೆ ಮಾಡಿಕೊಟ್ಟಿದ್ದ. ಉಳಿದದ್ದು ಮನೆಯ ಹೆಣ್ಣುಮಗುವಿಗೆ ಎಂಬುದು ವಾಡಿಕೆ. ಆಗವಳಿಗೆ ನಾಲ್ಕು ವರ್ಷ. ಅಪ್ಪನ ಗುರುತು ಇರಲಿ ಎಂದು ಅವನೂ ಅಂದಿದ್ದನೇನೋ. ಕಡಲಾಚೆ, ಹೆಸರೂ ಗೊತ್ತಿಲ್ಲದ ಯಾವನೋ ಒಬ್ಬ ಕಟ್ಟಿಗೆಯ ಚಿಪ್ಪೆಗಳ ನಡುವೆ ಕೂತು ಇದೇ ಕೆಲಸ ಮಾಡುತ್ತಿದ್ದಾನೆ. ಅವನ ಅಂಗಿಗೆ ಯಾವ ಚೀಟಿ ಚುಚ್ಚಿದರೋ.

"ಇವು ಎಲ್ಲಿ ಅವ? ಅವ್ರ ಮನ್ಯಾಗೇನು?"

"ಕೆಲವು ಮನ್ಯಾಗ. ಈ ಫೋಟೋದಾಗಿನವು ಮ್ಯೂಜಿಯಮ್‌ನ್ಯಾಗ."

"ಆ ಮಂದಿ ಹೊಳ್ಳಿ ಕೇಳಿಲ್ಲೇನ್ರಿ?"

ಮೀನಲ ಮ್ಯಾಡಮ್ ಪರದೆಯಿಂದ ಕಣ್ಣು ತೆಗೆದು ಅವನತ್ತ ನೋಡಿದರು. ಸುಳ್ಳು ಹೇಳುವ ಹೆಂಗಸಲ್ಲ ಆಕೆ. "ಕೇಳ್ಯಾರ. ಹುಡುಗೇರ ಗೊಂಬಿ ಮಾತ ಬ್ಯಾರೆ. ಅವ್ರಾಗ ಝುನಿ ಅಂತ ಒಂದು ಊರಿನ ಮಂದಿಗೆ ಕಟ್ಟಿಗಿ ಕಾವಲು ದೇವ್ರು ಅವ. ಬಯಲಾಗ ಇಡೂದು. ಮಳಿಗಿ, ಗಾಳಿಗಿ ತಾವೇ ಕರಗಬೇಕು, ಅದೇ ಅವ್ರ ಪೂಜಿ. ಅವನ್ನ ಹೊರಗಿನವ್ರು ಎತ್ಕೊಂಡು ಹೋಗಿ ಗಾಜಿನ್ಯಾಗ ಇಟ್ಟಿದ್ರು. ವರ್ಷಾನುಗಟ್ಲೆ ಬಡದಾಡಿ ವಾಪಸ ತಗೊಂಡ್ರು."

"ತಗೊಂಡು ಏನ್ ಮಾಡಿದ್ರು?"

"ಮತ್ತ ಬಯಲಾಗ ಇಟ್ರು."

"ಕರಗ್ಲಿ ಅಂತ."

"ಹೌದು. ಕರಗ್ಲಿ ಅಂತ." ಆಮೇಲೆ, ತಾವೇ ಬಿಟ್ಟುಕೊಟ್ಟ ನೆಲವನ್ನು ಹಿಂದಕ್ಕೆ ಪಡೆಯುವವರ ಹಾಗೆ, ಖಾನೆಯಿಂದ ಒಂದು ಕಾಗದ ತೆಗೆದು ಅವನ ಮುಂದಿಟ್ಟರು. "ಆದ್ರ ಅವ್ರದು ಎತ್ಕೊಂಡು ಹೋಗಿದ್ದು ಬಕ್ಕಪ್ಪಾ. ನೀವು ಸಹಿ ಮಾಡಿ ಕೊಟ್ಟೀರಿ. ಎಂಟು ದಿನಕ್ಕಂತ ನಾವು ಹೇಳೇ ಇಲ್ಲ. ನೀವು ಊರಾಗ ಹಂಗ ಹೇಳಲತ್ತೀರಿ ಅಂತ ಕೇಳಿ ನನಗ ಬಾಳ ಬ್ಯಾಸರಾತು."

ಕಾಗದದ ಕೆಳಗೆ ಅವನ ಸಹಿ. ಮೇಲೆ ಮರಾಠಿಯಲ್ಲಿ ನಾಲ್ಕು ಸಾಲು. ಓದು ಬರದವನ ಹಾಗೆ ಅದರತ್ತ ನೋಡುತ್ತ ಕೂರಬಹುದಿತ್ತು. ಋಷಿಕೇಶ ಆಗಲೇ ಅವನನ್ನು ಅಂಥವನೆಂದು ತಿಳಿದು, ಓದಿ ಹೇಳಲು ಮುಂದೆ ಬಂದಿದ್ದ. ಆ ಸುಳ್ಳಿನೊಳಗೆ ಬೆಚ್ಚಗಿತ್ತು. ಮಳೆಯಲ್ಲಿ ಕಂಬಳಿ ಹೊದ್ದ ಹಾಗೆ. ಮೇಳದ ಸಂಜೆ ಇದೇ ಮೇಜು, ಇದೇ ಕಾಗದ. ಹೆಗಲ ಮೇಲೆ ಆಗತಾನೇ ಹೊದಿಸಿದ ಶಾಲು. ಯಾವ ಅವಸರವೂ ಇರಲಿಲ್ಲ. ಒಂದೊಂದೇ ಅಕ್ಷರ ಓದಿದ್ದ. ಕಾಯಮಸ್ವರೂಪೀ ಎಂದಿತ್ತು. ಕಾಯಮ್ಮಾಗಿ. ಓದುತ್ತ ಅವನಿಗೆ ಏಳನೆಯ ಕುಣಿತದ ನೆನಪಾಗಿತ್ತು: ಅದಾದ ಮೇಲೆ ಎದೆಯ ಮೇಲೆ ಯಾರೂ ಇರುವುದಿಲ್ಲ, ಎಡ ಹಿಮ್ಮಡಿ ತಿರುಗುವುದಿಲ್ಲ, ಕೆಸರಿಗೆ ಸಿಕ್ಕ ಎತ್ತಿನ ಕಾಲು ಮತ್ತೆ ತನಗೇ ಬರುತ್ತದೆ. ಆರು ವರ್ಷ ಊರವರು 'ಥೇಟ್ ಸಿದ್ಧಾರೂಢನೇ' ಎಂದಿದ್ದರು. ಸತ್ತ ತಮ್ಮನ ಕಾಲನ್ನು ಆರು ವರ್ಷ ಉಟ್ಟುಕೊಂಡು ತಿರುಗಿದ್ದ. ಗಾಜಿನಲ್ಲಿದ್ದರೆ ಏಳನೆಯದು ಬರುವುದೇ ಇಲ್ಲ. ತಮ್ಮ ಹೋಗುವುದಿಲ್ಲ. ಹೋಗದವನು ಆ ಮೂವತ್ತು ಹೆಜ್ಜೆಯ ಲೆಕ್ಕವನ್ನು ಮೇಲೆ ಯಾರಿಗೂ ಹೇಳುವುದಿಲ್ಲ. ಇಷ್ಟೆಲ್ಲ ಯೋಚಿಸಿಯೇ ಪೆನ್ನು ಊರಿದ್ದ.

"ಓದ್ಲಾಕ ಬರ್ತದ ನನಗ" ಎಂದ ಬಕ್ಕಪ್ಪ. ದನಿ ತನ್ನದಲ್ಲವೆನ್ನುವಷ್ಟು ಸಲೀಸಾಗಿತ್ತು. "ಏಳನೇತ್ತಾ ತನಕ ಮರಾಠಿ ಸಾಳ್ಯಾಗ ಕಲ್ತೀನಿ. ಅವತ್ತ ಓದೇ ಸಹಿ ಮಾಡೀನಿ. ನೀವು ಮೋಸ ಮಾಡಿಲ್ಲ. ಎಂಟು ದಿನದ ಮಾತು ನಾ ಕಟ್ಟಿದ್ದು. ಗೊತ್ತಿದ್ದು ಕೊಟ್ಟೀನಿ. ಈಗ ಗೊತ್ತಿದ್ದು ಒಯ್ಲತ್ತೀನಿ."

"ಹಂಗ ಆಗಂಗಿಲ್ಲ. ಸಮಿತಿ ಅದ. ಅರ್ಜಿ ಕೊಡ್ರಿ, ನಾ ಬರ್ದು ಕೊಡ್ತೀನಿ, ಮುಂದಿನ ತಿಂಗಳ ಸಭಾದಾಗ..."

"ಐತವಾರ ಕುಣಿತ ಅದ. ಅರ್ಜಿ ಕುಣೀತದೇನ್ರಿ?"

ಅವನು ಎದ್ದ. ಕಪಾಟಿನ ಕೀಲಿಕೈ ಕಪಾಟಿಗೇ ನೇತಾಡುತ್ತಿತ್ತು. ಗೊಂಬೆಯನ್ನು ಕದಿಯುವವರು ಯಾರು. ಗಾಜು ಸರಿಸಿ ಸಿದ್ಧಾರೂಢನನ್ನು ಎರಡೂ ಕೈಯಿಂದ ಎತ್ತಿಕೊಂಡ. ಜಾರುತ್ತಿತ್ತು. ಕಟ್ಟಿಗೆಯ ವಾಸನೆ ಇರಲಿಲ್ಲ, ಹೊಸ ಕಪಾಟಿನ ವಾಸನೆ ಬಂತು. ಋಷಿಕೇಶ "ಹೀ ಚೋರೀ ಆಹೇ" ಎಂದು ಬಾಗಿಲಿಗೆ ಅಡ್ಡ ಬಂದ. ಇದು ಕಳ್ಳತನ. "ಕಳ್ಳ ಓಡ್ತಾನಪ್ಪ" ಎಂದ ಬಕ್ಕಪ್ಪ, "ನಾ ಎಲ್ಲಿ ಓಡಲತ್ತೀನಿ. ಆ ಬೇವಿನ ಗಿಡದ ಕೆಳಗ ಕೂಡ್ತೀನಿ. ಯಾರಿಗೆ ಫೋನ್ ಮಾಡ್ತಿ ಮಾಡು." ಹುಡುಗ ದಾರಿ ಬಿಟ್ಟನೋ, ಇವನೇ ಸರಿಸಿದನೋ, ಅಂಗಳಕ್ಕೆ ಬಂದಾಗ ಮಧ್ಯಾಹ್ನದ ಬಿಸಿಲು ಕಣ್ಣಿಗೆ ಹೊಡೆಯಿತು. ಬೇವಿನ ಕಟ್ಟೆಯ ಮೇಲೆ ಕೂತು ಗೊಂಬೆಯನ್ನು ಪಾದಗಳ ನಡುವೆ ಹಿಡಿದು ಚೀಲದಿಂದ ಬಾಚಿ ತೆಗೆದ. ಕಣ್ಣು ತೆರೆದ ಈರನಿಗೆ ಕಬ್ಬಿಣ ಮುಟ್ಟಿಸಬಾರದು. ಅಪ್ಪ ಹೇಳಿದ್ದ, ಅಪ್ಪನಿಗೆ ಅಜ್ಜ ಹೇಳಿದ್ದ. ಪಾಲಿಶಿನ ಕೆಳಗಿಂದ ಆ ಕಣ್ಣು ಅವನನ್ನೇ ನೋಡುತ್ತಿದ್ದವು.

"ತಮ್ಮಾ, ಕಬ್ಬಿಣ ಹಚ್ಚಲತ್ತೀನಿ" ಎಂದ. ಸುತ್ತ ಸೇರಿದ್ದವರಿಗೆ ಕೇಳುವ ಹಾಗೆಯೇ ಎಂದ.

ಮೊದಲು ಎಡಗೆನ್ನೆ. ಬಾಚಿಯ ಅಂಚಿಗೆ ಪಾಲಿಶು ಬೆಲ್ಲದ ಪಾಕದ ಹಾಗೆ ಮಡಚಿಕೊಂಡು ಎದ್ದಿತು. ಮೂಗು ಹೋಯಿತು. ಹಣೆ ಹೋಯಿತು. ಕಣ್ಣಿನ ಹತ್ತಿರ ಬಂದಾಗ ಕೈ ನಿಂತಿತು; ನಿಂತದ್ದನ್ನು ಋಷಿಕೇಶನ ಫೋನು ಹಿಡಿಯುತ್ತಿತ್ತು. ಹಿಡಿಯಲಿ. ಒಂದೇ ಏಟಿಗೆ ಎರಡೂ ಕಣ್ಣು ತೆಗೆದ. ಔಷಧ ಅರ್ಧ ಇಂಚೆಂದಿದ್ದ ಹುಡುಗ. ಅವನು ಒಂದು ಬೆರಳು ಹೆಚ್ಚೇ ಹೋದ. ಭುಜ, ಎದೆ, ಬೆನ್ನು, ತೂತು ಕೊರೆದ ಬುಡ. ಕೆತ್ತುತ್ತ ಹೋದ ಹಾಗೆ ಕಟ್ಟಿಗೆಯ ಬಣ್ಣ ಬಿಳುಚಿ, ಕಡೆಗೆ ಹಸಿ ಅತ್ತಿಯ ಹಳೆಯ ವಾಸನೆ ಎದ್ದು ಬಂತು. ಉಳಿದದ್ದು ಒನಕೆಯ ತುಂಡಿನಂಥ, ಮುಖವಿಲ್ಲದ, ಮುಂಗೈ ದಪ್ಪದ ಒಂದು ಕೊರಡು. ಇದಕ್ಕಿಂತ ಚಂದದ್ದನ್ನು ಅವನು ಜೀವನದಲ್ಲಿ ಕಡೆದಿರಲಿಲ್ಲ, ಇದಕ್ಕಿಂತ ಕುರೂಪವಾದದ್ದನ್ನೂ. ಮೀನಲ ಮ್ಯಾಡಮ್ ಮೆಟ್ಟಿಲ ಮೇಲೆ ಎದೆಗೆ ಕೈಕಟ್ಟಿ ನಿಂತಿದ್ದರು. ಋಷಿಕೇಶ ಪೊಲೀಸರೆಂದು ಏನೋ ಹೇಳಲು ಹೋದಾಗ "ರಾಹೂ ದೇ" ಎಂದರು. ಇರಲಿ ಬಿಡು.

ಬಕ್ಕಪ್ಪ ಚಿಪ್ಪೆಗಳನ್ನೆಲ್ಲ ಬೊಗಸೆಯಲ್ಲಿ ಬಳಿದು ಮೆಟ್ಟಿಲ ಮೇಲೆ ರಾಶಿ ಹಾಕಿದ. "ಇದು ನಿಮ್ಮ ಪಾಲು. ನೂರು ವರ್ಷದ ಔಷಧ ಇದರಾಗೇ ಅದ. ಗಾಜಿನ್ಯಾಗ ಇಡ್ರಿ, ನಂಬರ ಹಚ್ಚಿ." ಬಾಗಿಲು ದಾಟುವಾಗ ಭೀಮಶಾ ಎದ್ದು ನಿಂತು ಚಪ್ಪಲಿಗಳನ್ನು ಕಾಲಿನಿಂದ ಮುಂದೆ ಸರಿಸಿದ. "ತಮ್ಮ ಪಾಸಾದ ಬಿಡ್ರಿ ಕಾಕಾ" ಎಂದ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಸಿದ್ಧಾರೂಢನ ಹೆಂಡತಿ ರೂಪಾಲಿ ಮರಿಗಳಿಗೆ ಸೊಪ್ಪು ಹಾಕುತ್ತಿದ್ದಳು. ಕೊರಡನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ತಿರುಗಿಸಿ ನೋಡಿದಳು. ಗುಂಡಮ್ಮ ಸೆರಗು ಬಾಯಿಗಿಟ್ಟಳು. ಬಕ್ಕಪ್ಪ ಎಲ್ಲ ಹೇಳಿದ. ಪಾಲಿಶು, ಔಷಧ, ಕಾಗದ ಓದಿ ಸಹಿ ಮಾಡಿದ್ದು. ರೂಪಾಲಿ ತಲೆಯೆತ್ತದೆ, "ನಾ ಅನಕೊಂಡಿದ್ದೆ ಭಾವೋರೆ" ಎಂದಳು, "ಬಸ್ಸಿನ ಬೋರ್ಡು ಊರಿಗೆಲ್ಲಾ ಓದಿ ಹೇಳೋರಿಗೆ ಕಾಯಮ್ ಅನ್ನೂ ಮಾತು ಒಂದು ತಿಳೀಲಿಲ್ಲೇನು ಅಂತ. ಆರು ತಿಂಗಳಾತು ಅನಕೋಳಲತ್ತು." ಗುಂಡಮ್ಮ ಮೆಲ್ಲಗೆ, ಶೀತಲಳ ಗೊಂಬೆಯೂ ಅದೇ ಕಟ್ಟಿಗೆಯಲ್ಲವೇ, ಅದಕ್ಕೆ ಮುಖ ಇದೆ, ಔಷಧ ಮುಟ್ಟಿಲ್ಲ, ಅದನ್ನೇ ಕುಣಿಸಿದರೆ ಎಂದಳು. "ಬ್ಯಾಡ" ಎಂದ ಬಕ್ಕಪ್ಪ. "ಅದು ಹುಡುಗೀದು. ಸತ್ತವ್ರಿಗೆ ಅದರ ಮ್ಯಾಲ ಹಕ್ಕಿಲ್ಲ. ನನಗೂ ಇಲ್ಲ."

ಐತವಾರ ಮೂರು ಗಂಟೆಗೆ ಗುಡಿಯ ಮುಂದೆ ಡೊಳ್ಳು ಸೇರಿದವು. ಹಿರಿಯರು ಕೊರಡು ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಖವಿಲ್ಲ, ಕಣ್ಣಿಲ್ಲ, ಕಬ್ಬಿಣ ಮುಟ್ಟಿದೆ. ಇದು ಈರನಲ್ಲ, ಒಲೆಗೆ ಹಾಕುವ ಕೊಳ್ಳಿ ಎಂದ ಒಬ್ಬ. "ಕಬ್ಬಿಣ ಹಚ್ಚಿದಾಂವ ನಾ" ಎಂದ ಬಕ್ಕಪ್ಪ. "ಪಾಪ ಇದ್ರ ನನ್ನ ಮ್ಯಾಲ ಬರ್ಲಿ. ಇಂವಾ ಮಾತ್ರ ಇವತ್ತ ಹೋಗ್ತಾನ. ನೀವು ಬಾರ್ಸಿದ್ರೂ ಹೋಗ್ತಾನ, ಬಾರ್ಸಲಿಲ್ಲಂದ್ರೂ ಹೋಗ್ತಾನ." ಹೆಂಗಸರ ಸಾಲಿನಿಂದ ರೂಪಾಲಿ ಎದ್ದು ಬಂದಳು. ಹೆಂಗಸರು ಕುಣಿತದ ಜಾಗಕ್ಕೆ ಬರುವುದಿಲ್ಲ. ಬಂದು, ಕೊರಡಿಗೆ ಭಂಡಾರ ಹಚ್ಚಿ, ಕರಿಯ ಉಣ್ಣೆಯ ಹುರಿಯಿಂದ ಅವನ ಎದೆಗೆ ಬಿಗಿದಳು. ಗಂಟು ಹಾಕುವಾಗ ಅವಳ ಬೆರಳು ಉಸಿರು ಕಟ್ಟುವಷ್ಟು ಎಳೆದವು. ಡೊಳ್ಳಿನವನೊಬ್ಬ ತಾನಾಗಿ ಒಂದು ಪೆಟ್ಟು ಹಾಕಿದ.

ಬಕ್ಕಪ್ಪ ಕುಣಿದ. ಎಡ ಹಿಮ್ಮಡಿ ತಿರುಗಲು ಸಿದ್ಧವಾಗಿ ಕಾದಿತ್ತು, ಆರು ವರ್ಷದ ಅಭ್ಯಾಸ. ಅದನ್ನು ಅವನು ನೆಲಕ್ಕೆ ಒತ್ತಿ ಹಿಡಿದ. ತನ್ನ ಕಾಲಿನಿಂದ, ದಪ್ಪ, ಚಪ್ಪಟೆ, ಕೆಸರಿಗೆ ಸಿಕ್ಕ ಎತ್ತಿನ ಕಾಲಿನಿಂದ ಕುಣಿದ. ಜನ ಮಿಸುಕಾಡಿದರು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಥೇಟ್ ಸಿದ್ಧಾರೂಢನೆಂದು ಯಾರೂ ಅನ್ನಲಿಲ್ಲ. ಬೆವರು ಕೊರಡಿಗೆ ಇಳಿದು ಕೊರಡು ಹಸಿಯಾಗಿ ಎದೆಗೆ ಅಂಟಿತು. ಅದೊಂದು, ತಾನೊಂದು, ಮೊದಲ ಸಲ ಇಬ್ಬರಿದ್ದೇವೆ ಅನ್ನಿಸಿತು. ಹಟ್ಟಿಯ ಬಾಯಲ್ಲಿ ಮಲಗಿಸುವಾಗ ಮುಖ ಯಾವ ಕಡೆಯೆಂದು ತಿಳಿಯದೆ ಕೈ ತಡವರಿಸಿತು. ರೂಪಾಲಿ ಬೆರಳು ತೋರಿಸಿದಳು, ಹೀಗೆ. ನಂತರ ಅವನು ಹೆಗಲ ಮೇಲಿನ ಕೆಂಪು ಬಟ್ಟೆ ಬಿಚ್ಚಿ, ಮಂದೆಯ ಬಾಲಕ್ಕೆ ಹತ್ತಿಕೊಂಡು ನಿಂತು, ತೋಳು ಮೇಲೆತ್ತಿ ಹಿಡಿದ. ನೂರಿಪ್ಪತ್ತು ಕುರಿ ಹಾಯ್ದು ಮುಗಿಯುವ ತನಕ ಇಳಿಸಲಿಲ್ಲ.

ಹನ್ನೆರಡು ದಿನವಾದರೂ ಗೆದ್ದಲು ಬರಲಿಲ್ಲ. ಮಿರಗದ ಮಳೆ ಎರಡು ಸಲ ಹುಯ್ದು ಸುತ್ತಲಿನ ಹಳೆಯ ಗೂಟಗಳಿಗೆಲ್ಲ ಗೆದ್ದಲಿನ ಮಣ್ಣಿನ ಎಳೆ ಏರಿತ್ತು. ಕೊರಡಿನ ಹತ್ತಿರ ಬಂದು ಬಳಸಿಕೊಂಡು ಹೋಗಿತ್ತು. ಬೆಳಿಗ್ಗೆ ಹಾದು ಹೋಗುವವರು ನಿಂತು ನೋಡುತ್ತಿದ್ದರು. "ವರ್ಲಿಗೂ ಬ್ಯಾಡಾದ್ನಲ್ಲೋ" ಎಂದು ಒಬ್ಬ ನಿನ್ನೆ ಅಂದಿದ್ದ, ಗೆದ್ದಲಿಗೂ ಬೇಡವಾದ ಎಂದು. ಬಕ್ಕಪ್ಪ ಬಾಚಿ ತೆಗೆದುಕೊಂಡು ಹಟ್ಟಿಗೆ ಬಂದ. ಕೊರಡನ್ನೆತ್ತಿ ಮೂಸಿದ. ಎಲ್ಲೋ ಆಳದಲ್ಲಿ ಇನ್ನೂ ಕಪಾಟಿನ ವಾಸನೆಯ ಒಂದು ಎಳೆ. ಕೂತು ಪಾದಗಳ ನಡುವೆ ಹಿಡಿದ. ಈಗ ಸಣ್ಣದಾದ್ದರಿಂದ ಹಿಡಿತಕ್ಕೆ ಸಿಗದೆ ಅಲುಗಿತು. ಆಚೆ ರೂಪಾಲಿ ಹಾಲು ಕರೆಯುತ್ತಿದ್ದಳು. ಅವಳಿಗೆ ಕೇಳುತ್ತದೆಂದು ಗೊತ್ತಿದ್ದೇ, ಕೊರಡಿಗೆ ಹೇಳಿದ:

"ಮೂವತ್ತು ಹೆಜ್ಜಿ ಹಿಂದಿದ್ದೆ ತಮ್ಮಾ. ಬೇಕಂತೇ ಹಿಂದಿದ್ದೆ. ಬಟ್ಟಿ ಹೆಗಲ ಮ್ಯಾಲೇ ಇತ್ತು."

ಹಾಲಿನ ಸದ್ದು ನಿಂತಿತು. ಅವನು ತಿರುಗಿ ನೋಡಲಿಲ್ಲ. ಬಾಚಿ ಎತ್ತಿ ಒಂದು ಏಟು ಹಾಕಿದ; ಕೊರಡು ಜಾರಿ, ಅಂಚು ಅವನ ಹೆಬ್ಬೆರಳನ್ನು ಸವರಿಕೊಂಡು ಹೋಯಿತು. ಮತ್ತೆ ಇಟ್ಟ, ಮತ್ತೆ ಜಾರಿತು. ಚಂಬು ನೆಲಕ್ಕಿಟ್ಟ ಸದ್ದು. ರೂಪಾಲಿ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಅವಳ ಮುಖದಲ್ಲಿ ಕ್ಷಮೆಯಿರಲಿಲ್ಲ, ಅವನು ಕೇಳಿಯೂ ಇರಲಿಲ್ಲ. ಹಾಲಿನಿಂದ ಒದ್ದೆಯಾದ ಎರಡೂ ಕೈಯಲ್ಲಿ ಕೊರಡಿನ ಇನ್ನೊಂದು ತುದಿಯನ್ನು ಅಲುಗದ ಹಾಗೆ ನೆಲಕ್ಕೆ ಒತ್ತಿ ಹಿಡಿದಳು.

"ಕಡೀರಿ" ಎಂದಳು.